ಮಂಜು ಕವಿದ ಮಲೆಯ ಮಹದೇಶ್ವರರು

ಹಿಮವತ್ಪರ್ವತದಲ್ಲಿ ಬೀಳುವಂಥ ಹಿಮವು ನಮ್ಮ ನಾಡಿನ ಬೆಟ್ಟಗಳಲ್ಲಿ ಬೀಳುವುದಿಲ್ಲ. ಆದರೂ ಹಿಂಗಾರಿನ ದಿನಗಳಲ್ಲಿ ಹನೂರು, ಕೌದಳ್ಳಿಗಳನ್ನು ದಾಟಿ ತಾಳಬೆಟ್ಟದಿಂದ ಕಾಲ್ನಡೆಯಾಗಿ ಮಲೆಯನ್ನೇರುವವನಿಗೆ ಹತ್ತು ಮಾರು ಮುಂದಿನ ಮರವೂ ಕಾಣದಷ್ಟು ಮಂಜು ಕವಿಯುವುದುಂಟು. ಕಲ್ಲು ಜಾರುವುದು, ಕಂಬಳಿ ನೆನೆದು ಭಾರವಾಗುವುದು. ಇಂಥ ದುರ್ದಿನಗಳಲ್ಲಿಯೇ ದೀಪಾವಳಿಯು ಬರುವುದು. ಆಗ ಬೇಡಗಂಪಣರ ಮನೆಗಳ 101 ಮಂದಿ ಕನ್ಯೆಯರು ಹಳ್ಳದ ನೀರನ್ನು ತಲೆಯ ಮೇಲೆ ಹೊತ್ತು ಕಾಡುದಾರಿಯಲ್ಲಿ ಗುಡಿಗೆ ತರುವರು. ಈ ಹಾದಿಯನ್ನು ನಾಡಿನ ಜನಕ್ಕೆಲ್ಲ ಹಾದಿಯನ್ನಾಗಿ ಮಾಡಿದ ಮಹಾಪುರುಷರ ಜೀವಿತವನ್ನು ನಮ್ಮ ಓದುಬಲ್ಲವರು ಅರಿತಿರುವುದು ಅತ್ಯಲ್ಪವು.

ಶ್ರೀ ಮಹದೇಶ್ವರರ ಕಾಲವು ಕ್ರಿ. ಶ. 14-15ನೆಯ ಶತಮಾನಗಳೆಂದು ಸಾಮಾನ್ಯವಾದ ಅಭಿಪ್ರಾಯವು. ಶ್ರೀಶೈಲದ ಕಡೆಯಿಂದ ತೆಂಕಣಕ್ಕೆ ಬಂದ ಆ ಬಾಲಯೋಗಿಯು ಸುತ್ತೂರು ಮಠದಲ್ಲಿ ರಾಗಿ ಬೀಸಿದನೆಂದೂ, ಕುಂತೂರು ಮಠದಲ್ಲಿ ಕೆಲಕಾಲವಿದ್ದನೆಂದೂ ದೇವರಗುಡ್ಡರು ಹಾಡುತ್ತಾರೆ. ಮಠದಲ್ಲಿಯೇ ನಿಂತಿದ್ದರೆ ಗದ್ದುಗೆಯೂ ಪಲ್ಲಕ್ಕಿಯೂ ದೊರೆಯುತ್ತಿದ್ದುವೋ ಏನೋ! ಅವರು ಹೊರಟದ್ದು ಆನೆಮಲೆ, ಜೇನುಮಲೆ, ಕಾನುಮಲೆ, ಪಚ್ಚೆಮಲೆ, ಪವಳಮಲೆ, ಪೊನ್ನಾಚಿಮಲೆ, ಕೊಂಗುಮಲೆಗಳ ಕಡೆಗೆ. ಸೋಲಿಗರ, ಬೇಡರ ಗುಡಿಸಲುಗಳ ಕಡೆಗೆ. ಹುಲಿಯನ್ನೇರಿದರೆಂಬುದನ್ನು ನಂಬುವವರು ನಂಬಲಿ. ಹುಲಿಯಿರುವ ಕಾಡನ್ನೇ ಮನೆಯಾಗಿ ಮಾಡಿಕೊಂಡರೆಂಬುದರಲ್ಲಿ ನಮಗೆ ಸಂಶಯವಿಲ್ಲ.

ಅವರ ಚರಿತೆಯಲ್ಲಿ ಶ್ರವಣಾಸುರನ ಸಂಹಾರಕ್ಕಿಂತಲೂ ಸಂಕಮ್ಮನ ಕಥೆಯೇ ನಮಗೆ ಹಿರಿದಾಗಿ ತೋರುವುದು. ಕಾಡಿಗೆ ಹೊರಟ ಗಂಡ ನೀಲೇಗೌಡನು ಹೆಂಡತಿಯ ಶೀಲದಲ್ಲಿ ಶಂಕೆಗೊಂಡು ಭಾಷೆಯನ್ನು ಬೇಡಿದನು. ಆಕೆಯು ಕೊಡಲೊಲ್ಲೆನೆಂದಳು. ಅವನು ಆಕೆಯನ್ನು ಅರಣ್ಯದ ಗುಡಿಸಲಲ್ಲಿ ಸೆರೆಯಿಟ್ಟು ಹೋದನು. ಆ ಒಂಟಿ ಹೆಂಗಸಿನ ಮೊರೆಗೆ ಮಲೆಯನ್ನಿಳಿದು ಬಂದವರು ಮಹದೇಶ್ವರರೊಬ್ಬರೇ. ಅವರ ವರದಿಂದ ಹುಟ್ಟಿದ ಕಾರಯ್ಯ ಬಿಲ್ಲಯ್ಯರು ಅವರ ಶಿಷ್ಯರಾದರು. ಕಾರಯ್ಯನನ್ನು ಸೋಲಿಗರು ತಮ್ಮ ಮೂಲಪುರುಷನೆಂದು ಇಂದಿಗೂ ಹೇಳಿಕೊಳ್ಳುವರು. ಗುಡಿಯನ್ನು ಕಟ್ಟಿಸಿದವನು ಆಲಂಬಾಡಿಯ ಜುಂಜೇಗೌಡನೆಂದು ಪ್ರತೀತಿ.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಕೊಳ್ಳೇಗಾಲದ ಸೀಮೆಯು ಮದರಾಸಿನ ಆಡಳಿತಕ್ಕೆ ಸೇರಿ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಯಿತು. ನೆರೆಯ ಯಳಂದೂರಾದರೋ 1807ರಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾಗಿ ಮೈಸೂರಿನಲ್ಲಿಯೇ ಉಳಿಯಿತು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲದವರ ಕಚೇರಿಯ ಕಾಗದಗಳು ಹೋದ ದಾರಿಯೇ ಬೇರೆ, ಅವರ ಕಾಲುಗಳು ಹೋದ ದಾರಿಯೇ ಬೇರೆ. ಮೈಸೂರಿನ ಒಕ್ಕಲಿಗನೂ ಕೊಳ್ಳೇಗಾಲದ ನೇಕಾರನೂ ಒಂದೇ ಮಂಜಿನಲ್ಲಿ ಮಾದಪ್ಪನ ಹೆಸರನ್ನು ಕೂಗುತ್ತ ಏರಿದರು; ಒಂದೇ ಕಂಸಾಳೆಯ ಹಾಡನ್ನು ಕೇಳಿದರು. ಆ ಹಾಡು ಕನ್ನಡವಾಗಿದ್ದಿತು. ನಮ್ಮ ಸಾಹಿತ್ಯ ಚರಿತ್ರಕಾರರು ಮಾತ್ರ ಅದನ್ನು ಬಹುಕಾಲ ಲೆಕ್ಕಕ್ಕೆ ಹಿಡಿಯಲಿಲ್ಲ.

ಈಗ ಹನೂರು ಪ್ರತ್ಯೇಕ ತಾಲ್ಲೂಕಾಗಿದೆ. ಬೆಟ್ಟದ ನೆತ್ತಿಯವರೆಗೆ ಮೋಟಾರು ರಸ್ತೆಯಿದೆ. ಹಲವು ರಾತ್ರಿಗಳ ಆ ಕಥೆಯನ್ನು ಮೊದಲಿನಿಂದ ಕಡೆಯವರೆಗೆ ಬಾಯಲ್ಲಿ ಹೇಳಬಲ್ಲ ಗುಡ್ಡರು ಇನ್ನೆಷ್ಟು ಮಂದಿ ಉಳಿದಿದ್ದಾರೆ, ಅವರ ಹೊಟ್ಟೆಬಟ್ಟೆಯ ಪಾಡೇನು ಎಂಬುದನ್ನು ಊರೂರಿಗೆ ಹೋಗಿ ವಿಚಾರಿಸುವ ಕೆಲಸವನ್ನು ಸರ್ಕಾರವು ಮುಂದಿನ ದೀಪಾವಳಿಯೊಳಗಾದರೂ ಕೈಕೊಳ್ಳಬೇಕು.