ಮಾರ್ಕೋನಿಯ ತಂತಿ ಮತ್ತು ಸಿರಿಗೇರಿಯ ಜೀಪು

ಬಳ್ಳಾರಿ ಸೀಮೆಯ ಸಿರುಗುಪ್ಪ ತಾಲೂಕಿನ ಸಿರಿಗೇರಿ ಕಡೆ ಸೇವೆಯಲ್ಲಿರುವ ನಮ್ಮ ಕರಾವಳಿಯ ಓದುಗರೊಬ್ಬರು ಒಂದು ಪ್ರಶ್ನೆ ಕಳುಹಿಸಿದ್ದಾರೆ. ಅವರಿಗೆ ಜೀಪಿಗೆ ಸಿಬಿ ರೇಡಿಯೋ ಹಾಕಿಸುವ ಆಲೋಚನೆ. ಆಂಟೆನಾ ಉದ್ದದ್ದು ತರುವುದೋ ಗಿಡ್ಡದ್ದೋ, ಟಾಪಿನ ಮೇಲೆ ಕೂರಿಸುವುದೋ ಬಂಪರಿಗೆ ಕಟ್ಟುವುದೋ ಎಂಬುದು ಅವರ ಗೊಂದಲ. ಅದು ಕಾಲುವೆ ನೀರಿನ ಭತ್ತದ ಬಯಲು. 2009ರ ಅಕ್ಟೋಬರಿನ ನೆರೆಯಲ್ಲಿ ಆ ತಾಲೂಕಿನ ನದಿದಂಡೆಯ ಹಳ್ಳಿಗಳು ಪಟ್ಟ ಪಾಡನ್ನು ಕಂಡವರಿಗೆ ಇದು ಬರೇ ಹವ್ಯಾಸದ ಪ್ರಶ್ನೆ ಅನಿಸಲಿಕ್ಕಿಲ್ಲ. ಮೊಬೈಲ್ ಟವರ್ ಕೈಕೊಟ್ಟ ದಿನ ಎರಡು ವಾಹನಗಳ ನಡುವೆ ಮಾತು ಸಾಗಬೇಕಾದರೆ ಏನು ಬೇಕು ಎಂಬುದೇ ಅದರ ಒಳಗಿನ ಪ್ರಶ್ನೆ.

ಎರಡು ಸಾಲಿನಲ್ಲಿ ಉತ್ತರ ಬರೆದು ಮುಗಿಸಬಹುದಿತ್ತು. ಆದರೆ ಆ ಉತ್ತರವನ್ನು ತನ್ನ ತಂದೆಯ ತೋಟದಲ್ಲಿ ಕಂಡುಕೊಂಡ ಯುವಕನೇ ಮುಂದೆ ವ್ಯಾಟಿಕನ್ ರೇಡಿಯೋವನ್ನು ಕಟ್ಟಿಕೊಟ್ಟ. ಆತನ ಬದುಕನ್ನು ನಮ್ಮ ಓದುಗರು ಒಮ್ಮೆ ತಿಳಿದುಕೊಳ್ಳುವುದು ಒಳ್ಳೆಯದು.

ಗುಲಿಯೆಲ್ಮೋ ಮಾರ್ಕೋನಿ ಇಟಲಿಯ ಬೊಲೋನ್ಯಾ ನಗರದಲ್ಲಿ 1874ರ ಏಪ್ರಿಲ್ 25ರಂದು ಹುಟ್ಟಿದರು. ತಂದೆ ಜುಸೆಪ್ಪೆ ಅನುಕೂಲಸ್ಥ ಜಮೀನುದಾರ, ಕಥೋಲಿಕ. ತಾಯಿ ಆನ್ನಿ ಜೇಮ್ಸನ್ ಐರ್ಲೆಂಡಿನ ಹೆಸರಾಂತ ವಿಸ್ಕಿ ಮನೆತನದವರು, ಪ್ರೊಟೆಸ್ಟೆಂಟ್. ಹುಡುಗ ವಿಶ್ವವಿದ್ಯಾಲಯದ ಪದವಿ ಪಡೆಯಲಿಲ್ಲ. ಪ್ರಾಧ್ಯಾಪಕ ಆಗುಸ್ತೋ ರಿಗಿಯವರ ಬಳಿ ಹೋಗಿ ಬಂದು ಕಲಿತದ್ದು, ಉಳಿದದ್ದೆಲ್ಲ ಪೊಂತೆಕ್ಯೋದ ವಿಲ್ಲಾ ಗ್ರಿಫೋನೆ ಎಂಬ ಮನೆಯ ಅಟ್ಟದ ಕೋಣೆಯಲ್ಲಿ ತಾನೇ ಮಾಡಿ ನೋಡಿ ಕಲಿತದ್ದು.

ವಿದ್ಯುತ್ ಕಿಡಿಯಿಂದ ತರಂಗ ಹುಟ್ಟುತ್ತದೆ ಎಂಬುದನ್ನು ಜರ್ಮನಿಯ ಹರ್ಟ್ಸ್ ಆಗಲೇ ತೋರಿಸಿದ್ದರು. ಕಲ್ಕತ್ತದಲ್ಲಿ ಜಗದೀಶಚಂದ್ರ ಬೋಸರು 1895ರಲ್ಲಿ ಗೋಡೆಯಾಚೆಗೆ ತರಂಗ ಕಳುಹಿಸಿ ಜನರಿಗೆ ತೋರಿಸಿದರು. ಬ್ರೆಜಿಲಿನ ನಮ್ಮ ಕಥೋಲಿಕ ಗುರು ಲಾಂದೆಲ್ ದೆ ಮೌರಾ 1900ರಲ್ಲೇ ತಂತಿಯಿಲ್ಲದೆ ಮನುಷ್ಯನ ಧ್ವನಿಯನ್ನು ಕಳುಹಿಸಿದ್ದರು, ಅವರ ಹೆಸರು ನಮ್ಮಲ್ಲೇ ಎಷ್ಟು ಜನರಿಗೆ ಗೊತ್ತು? ಹಾಗಾಗಿ ರೇಡಿಯೋವನ್ನು ಮಾರ್ಕೋನಿ ಒಬ್ಬರೇ ಕಂಡುಹಿಡಿದರು ಎಂದು ಶಾಲಾ ಪುಸ್ತಕದ ಹಾಗೆ ಹೇಳಲು ಬರುವುದಿಲ್ಲ. ಅವರ ನಿಜವಾದ ಸಾಧನೆ ಬೇರೆ. 1895ರಲ್ಲಿ ಅವರು ಕಿಡಿಯ ಯಂತ್ರದ ಒಂದು ತುದಿಯನ್ನು ಎತ್ತರದ ಕಂಬದ ಮೇಲಿನ ಲೋಹದ ತಗಡಿಗೂ ಇನ್ನೊಂದು ತುದಿಯನ್ನು ನೆಲದೊಳಗೆ ಹೂತ ತಗಡಿಗೂ ಜೋಡಿಸಿದರು. ಅಲ್ಲಿಯವರೆಗೆ ಕೆಲವು ನೂರು ಮೀಟರಿಗೆ ಸೋಲುತ್ತಿದ್ದ ಸಂಕೇತ ಗುಡ್ಡವನ್ನು ದಾಟಿ ಎರಡು ಕಿಲೋಮೀಟರಿಗೂ ಆಚೆ ಮುಟ್ಟಿತು. ಗುಡ್ಡದ ಆಚೆ ಬದಿಯಲ್ಲಿ ಕಾಯುತ್ತಿದ್ದ ಅಣ್ಣ ಅಲ್ಫೋನ್ಸೋ, ಸಂಕೇತ ಬಂತೆಂದು ತಿಳಿಸಲು ಬಂದೂಕು ಹಾರಿಸಿದನೆಂದು ಆ ಮನೆಯ ಕತೆ.

ಯಂತ್ರ ಅದೇ, ಕಿಡಿಯೂ ಅದೇ. ಬದಲಾದದ್ದು ಮೇಲೆ ಎದ್ದ ತಂತಿ ಮತ್ತು ಕೆಳಗೆ ಸಿಕ್ಕ ನೆಲ. ಆಂಟೆನಾ ಎಂದರೆ ಮೇಲೆ ಕಾಣುವ ಕೋಲು ಮಾತ್ರ ಎಂದು ನಾವು ತಿಳಿದಿದ್ದೇವೆ. ಅದರ ಅರ್ಧ ಭಾಗ ಕೆಳಗಿರುತ್ತದೆ.

ಓಡುವ ಗಾಡಿಗೆ ನೆಲ ಎಲ್ಲಿಂದ ಬರಬೇಕು? ಟಯರಿನ ಮೇಲೆ ನಿಂತ ವಾಹನಕ್ಕೆ ತಗಡು ಹೂಳಲಾಗುವುದಿಲ್ಲ. ಅಲ್ಲಿ ಗಾಡಿಯ ಕಬ್ಬಿಣದ ಮೈಯೇ ನೆಲದ ಕೆಲಸ ಮಾಡುತ್ತದೆ. ಈ ಪ್ರಯೋಗವನ್ನೂ ಮಾರ್ಕೋನಿ ಮಾಡಿದ್ದರು. 1901ರಲ್ಲಿ ಇಂಗ್ಲೆಂಡಿನಲ್ಲಿ ಥಾರ್ನಿಕ್ರಾಫ್ಟ್ ಕಂಪೆನಿಯ ಹಬೆಬಂಡಿಯೊಂದರ ಟಾಪಿನ ಮೇಲೆ ಕೊಳವೆಯಾಕಾರದ ಎತ್ತರದ ಲೋಹದ ಆಂಟೆನಾ ನಿಲ್ಲಿಸಿದರು. ಪ್ರಯಾಣದ ವೇಳೆ ಅದನ್ನು ಮಗುಚಿ ಮಲಗಿಸಬಹುದಿತ್ತು. ಇಂದಿನ ಪೊಲೀಸ್ ಜೀಪಿನ ಮೇಲೆ ತೂಗುವ ಕೋಲಿನ ಹಿರಿಯಜ್ಜ ಅದೇ.

ಇನ್ನು ಸಿರಿಗೇರಿಯ ಪ್ರಶ್ನೆಗೆ ಬರೋಣ. ಸಿಬಿ ರೇಡಿಯೋ ಕೆಲಸ ಮಾಡುವುದು 27 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ಅದರ ತರಂಗದ ಉದ್ದ ಸುಮಾರು 11 ಮೀಟರ್. ಮಾರ್ಕೋನಿ ಮಾದರಿಯ ನೆಟ್ಟಗಿನ ಆಂಟೆನಾ ತರಂಗದ ಕಾಲು ಭಾಗ ಉದ್ದವಿದ್ದರೆ ಚೆನ್ನಾಗಿ ಹೊಂದುತ್ತದೆ, ಅಂದರೆ ಸುಮಾರು 2.75 ಮೀಟರ್, ಒಂಬತ್ತು ಅಡಿ. ನಮ್ಮ ಮಲ್ಪೆ, ಮಂಗಳೂರಿನ ಬೋಟುಗಳ ವಿಎಚ್‌ಎಫ್ ಸೆಟ್ಟಿನ ಲೆಕ್ಕ ಬೇರೆ. ಅದರ 16ನೇ ಚಾನೆಲ್ 156.8 ಮೆಗಾಹರ್ಟ್ಸ್, ಅಲ್ಲಿ ಕಾಲು ತರಂಗ ಅರ್ಧ ಮೀಟರಿಗೂ ಕಡಿಮೆ. ಬೋಟಿನಲ್ಲಿ ಚೆನ್ನಾಗಿ ನಡೆದ ಕೋಲನ್ನು ಊರಿಂದ ಹೊತ್ತುಕೊಂಡು ಹೋಗಿ ಸಿಬಿ ಸೆಟ್ಟಿಗೆ ಸಿಕ್ಕಿಸಿದರೆ ನಡೆಯುವುದಿಲ್ಲ.

ಜೀಪಿನ ಮೇಲೆ ಒಂಬತ್ತು ಅಡಿಯ ಕೋಲು ನಿಲ್ಲಿಸಿದರೆ ಮರದ ಕೊಂಬೆಗೂ ಕರೆಂಟಿನ ತಂತಿಗೂ ತಾಗುವ ಅಪಾಯ. ಅದಕ್ಕಾಗಿ ಕೋಲನ್ನು ಮೊಟಕುಗೊಳಿಸಿ, ಕಡಿಮೆಯಾದ ಉದ್ದಕ್ಕೆ ಬದಲಾಗಿ ತಂತಿಯ ಸುರುಳಿ ಸೇರಿಸುತ್ತಾರೆ. ಹೀಗೆ ಮೊಟಕು ಮಾಡಿದಷ್ಟೂ ದೂರ ಕಡಿಮೆ. ಒಂದೂವರೆ ಅಡಿಯ ಚಂದದ ಕೋಲಿಗೆ ಮನಸೋಲುವುದಕ್ಕಿಂತ ನಾಲ್ಕೈದು ಅಡಿಯದ್ದನ್ನು ಆರಿಸುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಜಾಗದ ಮಟ್ಟಿಗೆ, ಕಬ್ಬಿಣದ ಟಾಪಿನ ನಟ್ಟನಡುವೆ ಕೂರಿಸಿದರೆ ನಾಲ್ಕೂ ದಿಕ್ಕಿಗೆ ಸಮನಾಗಿ ಹರಡುತ್ತದೆ. ಬಂಪರಿಗೆ ಕಟ್ಟಿದರೆ ಗಾಡಿಯ ಮೈ ಅಡ್ಡ ಬಂದು ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ. ಹಳೆಯ ಜೀಪುಗಳಿಗೆ ಕ್ಯಾನ್ವಾಸಿನ ಟಾಪು ಇರುತ್ತದಲ್ಲ, ಅಲ್ಲಿ ಅಯಸ್ಕಾಂತದ ಬುಡವೂ ಹಿಡಿಯದು, ನೆಲವೂ ಸಿಗದು. ಅಂಥ ಗಾಡಿಗೆ ಬಾನೆಟ್ಟಿನ ಪಕ್ಕದ ಕಬ್ಬಿಣಕ್ಕೆ ಬಣ್ಣ ಕೆರೆದು ಗಟ್ಟಿಯಾಗಿ ಬೋಲ್ಟು ಹಾಕಬೇಕು. ಫೈಬರ್ ಮೈಯ ಗಾಡಿಗೆ ನೆಲ ಬೇಡದ ಬೇರೆ ಜಾತಿಯ ಆಂಟೆನಾ ಸಿಗುತ್ತದೆ.

ಕೂರಿಸಿದ ಮೇಲೆ ಎಸ್‌ಡಬ್ಲ್ಯುಆರ್ ಮೀಟರ್ ಹಿಡಿದು ನೋಡದೆ ಮಾತಾಡಬಾರದು. ಸೆಟ್ಟಿನಿಂದ ಹೊರಟ ಶಕ್ತಿ ಎಷ್ಟು ಆಂಟೆನಾದಿಂದ ವಾಪಸು ಬರುತ್ತಿದೆ ಎಂದು ಅದು ತೋರಿಸುತ್ತದೆ. 1.5ರ ಒಳಗಿದ್ದರೆ ಉತ್ತಮ, 3 ದಾಟಿದರೆ ಸೆಟ್ಟೇ ಸುಟ್ಟು ಹೋದೀತು. ಒಂದನೇ ಚಾನೆಲಿಗಿಂತ ನಲವತ್ತನೇ ಚಾನೆಲಿನಲ್ಲಿ ಹೆಚ್ಚು ತೋರಿಸಿದರೆ ಕೋಲು ಉದ್ದವಾಯಿತು ಎಂದರ್ಥ, ತಿರುಗಾಮುರುಗಾ ಆದರೆ ಗಿಡ್ಡವಾಯಿತು. ಕೇಬಲ್ 50 ಓಮಿನದ್ದೇ ಇರಲಿ, ಬಾಗಿಲ ಸಂದಿಯಲ್ಲಿ ಜಜ್ಜಿ ಹೋಗದಿರಲಿ. ನಮ್ಮ ದೇಶದಲ್ಲಿ ಈ ಬ್ಯಾಂಡಿಗೆ 2005ರಲ್ಲಿ ಪರವಾನಗಿಯಿಂದ ವಿನಾಯಿತಿ ಸಿಕ್ಕಿದೆ, ಆದರೆ 5 ವಾಟಿನ ಮಿತಿ ಮತ್ತು ಷರತ್ತುಗಳೊಂದಿಗೆ. ಹೊರಗಿನ ಆಂಟೆನಾ ಕಟ್ಟುವ ಮುನ್ನ ಕೇಂದ್ರ ಸರಕಾರದ ವೈರ್‌ಲೆಸ್ ವಿಭಾಗದ ನಿಯಮವನ್ನು ಓದಿಕೊಳ್ಳಿ. ಸಂಘ ಸಂಸ್ಥೆಯ ಹೆಸರಿನಲ್ಲಿ ಸೆಟ್ಟು ಇಡುವವರಂತೂ ಕಾಗದಪತ್ರ ಸರಿಯಾಗಿಟ್ಟುಕೊಳ್ಳಬೇಕು. ಗಾಡಿಯಿಂದ ಗಾಡಿಗೆ ಇದು ಕೆಲವು ಕಿಲೋಮೀಟರಿನ ಮಾತು. ಸಿರಿಗೇರಿಯಂಥ ಬಯಲಿನಲ್ಲಿ ನಮ್ಮ ಘಟ್ಟದ ತಪ್ಪಲಿಗಿಂತ ಚೆನ್ನಾಗಿ ನಡೆದೀತು, ಅಷ್ಟೆ.

ಎತ್ತರದ ತಂತಿಯ ಮೇಲೆ ಮಾರ್ಕೋನಿ ಇಟ್ಟ ಭರವಸೆ ಅವರನ್ನು ಅಟ್ಲಾಂಟಿಕ್ ದಾಟಿಸಿತು. 1896ರಲ್ಲಿ ತಾಯಿಯೊಂದಿಗೆ ಇಂಗ್ಲೆಂಡಿಗೆ ಹೋಗಿ ಪೇಟೆಂಟ್ ಹಾಕಿ, ಮರುವರ್ಷ ಕಂಪೆನಿ ಕಟ್ಟಿದರು. ಸಾಗರದಾಚೆಗೆ ಸಂಕೇತ ಕಳುಹಿಸಲು ಪೋಲ್ದೂ ಎಂಬಲ್ಲಿ ವೃತ್ತಾಕಾರವಾಗಿ ನಿಲ್ಲಿಸಿದ 20 ಕಂಬಗಳು 1901ರ ಸೆಪ್ಟೆಂಬರಿನ ಬಿರುಗಾಳಿಗೆ ನೆಲ ಕಚ್ಚಿದವು. ಅಮೆರಿಕದ ಕೇಪ್ ಕಾಡ್‌ನಲ್ಲಿ ಕಟ್ಟಿದ್ದೂ ನವೆಂಬರಿನಲ್ಲಿ ಉರುಳಿತು. ಅವರು ನಿಲ್ಲಲಿಲ್ಲ. ಪೋಲ್ದೂವಿನಲ್ಲಿ ಎರಡೇ ಕಂಬಗಳ ನಡುವೆ ತಂತಿ ಎಳೆದು, ತಾವು ನ್ಯೂಫೌಂಡ್‌ಲ್ಯಾಂಡಿಗೆ ಹೋಗಿ ಗಾಳಿಪಟದ ಬಾಲಕ್ಕೆ ಸುಮಾರು 150 ಮೀಟರ್ ತಂತಿ ಕಟ್ಟಿ ಹಾರಿಸಿದರು. ಡಿಸೆಂಬರ್ 12ರಂದು ಮೂರು ಚುಕ್ಕಿಗಳ ಸಂಕೇತ ಕಿವಿಗೆ ಬಿತ್ತು ಎಂದರು. ನಂಬದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆದರೆ ಮುಂದಿನ ವರ್ಷಗಳ ಕೆಲಸ ಸಂಶಯಕ್ಕೆ ಎಡೆ ಉಳಿಸಲಿಲ್ಲ. 1909ರಲ್ಲಿ ಜರ್ಮನಿಯ ಬ್ರೌನ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗು ಹಿಮಗಡ್ಡೆಗೆ ಬಡಿಯಿತು. ಅದರ ಎರಡು ಕಂಬಗಳ ನಡುವೆ ಕಟ್ಟಿದ ಮಾರ್ಕೋನಿ ತಂತಿಯಿಂದ ಫಿಲಿಪ್ಸ್ ಮತ್ತು ಬ್ರೈಡ್ ಎಂಬ ಇಬ್ಬರು ಯುವಕರು ಕರೆ ಕಳುಹಿಸುತ್ತಲೇ ಇದ್ದರು. 90 ಕಿಲೋಮೀಟರಿಗೂ ದೂರವಿದ್ದ ಕಾರ್ಪೇಥಿಯಾ ಹಡಗಿನ ಆಪರೇಟರ್ ಮಲಗುವ ಮುನ್ನ ಇನ್ನೂ ಕಿವಿಗೆ ಫೋನ್ ಹಾಕಿಕೊಂಡಿದ್ದ. ಹಾಗಾಗಿ 700ರಷ್ಟು ಜನ ಬದುಕಿದರು, ಸುಮಾರು 1,500 ಮಂದಿ ತೀರಿಕೊಂಡರು. ಇನ್ನೂ ಹತ್ತಿರದಲ್ಲಿದ್ದ ಕ್ಯಾಲಿಫೋರ್ನಿಯನ್ ಹಡಗಿನ ಆಪರೇಟರ್ ಸೆಟ್ಟು ಬಂದ್ ಮಾಡಿ ಮಲಗಿಬಿಟ್ಟಿದ್ದ. ನೆರೆ ಕಾಲಕ್ಕೆ ರೇಡಿಯೋ ಇಡುವವರು ಆಂಟೆನಾ ಆರಿಸುವಷ್ಟೇ ಗಂಭೀರವಾಗಿ, ಯಾವ ಹೊತ್ತಿಗೆ ಯಾರು ಕೇಳುತ್ತಾ ಕೂರುವುದು ಎಂಬುದನ್ನೂ ನಿಶ್ಚಯಿಸಿಕೊಳ್ಳಬೇಕು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಇಟಲಿಯಲ್ಲಿ ಮಾರ್ಕೋನಿಯ ಕಾರು ಅಪಘಾತವಾಗಿ ಅವರು ಬಲಗಣ್ಣನ್ನು ಕಳೆದುಕೊಂಡರು.

ಅವರ ಕೌಟುಂಬಿಕ ಬದುಕು ಸುಗಮವಾಗಿರಲಿಲ್ಲ. 1905ರಲ್ಲಿ ಬಿಯಾಟ್ರಿಸ್ ಓಬ್ರಿಯನ್ ಅವರೊಂದಿಗೆ ಮದುವೆ, 1924ರಲ್ಲಿ ವಿಚ್ಛೇದನ, 1927ರಲ್ಲಿ ಧರ್ಮಸಭೆಯಿಂದ ಆ ವಿವಾಹ ಅಸಿಂಧು ಎಂಬ ತೀರ್ಪು. ಅದೇ ವರ್ಷ ರೋಮಿನ ಮರಿಯಾ ಕ್ರಿಸ್ತಿನಾ ಬೆಜ್ಜಿ ಸ್ಕಾಲಿ ಅವರನ್ನು ಕಥೋಲಿಕ ವಿಧಿಯಂತೆ ವರಿಸಿದರು. ಮೊದಲ ಮನೆಯ ಮೂವರು ಮಕ್ಕಳ ಪಾಲಿಗೆ ಇದು ಸುಲಭದ ವಿಷಯವಾಗಿರಲಿಕ್ಕಿಲ್ಲ.

1929ರ ಲ್ಯಾಟರನ್ ಒಪ್ಪಂದದಿಂದ ವ್ಯಾಟಿಕನ್ ಸ್ವತಂತ್ರ ರಾಷ್ಟ್ರವಾದ ಮೇಲೆ ಜಗದ್ಗುರು ಹನ್ನೊಂದನೇ ಪಯಸ್ ಅವರು ರೇಡಿಯೋ ನಿಲಯ ಕಟ್ಟುವ ಕೆಲಸವನ್ನು ಮಾರ್ಕೋನಿಗೆ ಒಪ್ಪಿಸಿದರು. 1931ರ ಫೆಬ್ರವರಿ 12ರಂದು ಮಾರ್ಕೋನಿ ಮೊದಲು ಮಾತಾಡಿ ಜಗದ್ಗುರುಗಳನ್ನು ಲೋಕಕ್ಕೆ ಪರಿಚಯಿಸಿದರು, ಪಯಸ್ ಅವರು ಲತೀನ್ ಭಾಷೆಯಲ್ಲಿ ಸಂದೇಶ ಕೊಟ್ಟರು. ನಿಲಯದ ಮೊದಲ ನಿರ್ದೇಶಕರು ಯೇಸುಸಭೆಯ ಗುರು, ಭೌತವಿಜ್ಞಾನಿ ಜಾನ್‌ಫ್ರಾಂಚೆಸ್ಕಿ. ಪೇತ್ರರ ಉತ್ತರಾಧಿಕಾರಿಯ ಸ್ವರವನ್ನು ದೂರದೇಶದ ವಿಶ್ವಾಸಿಗಳು ಅದೇ ಕ್ಷಣದಲ್ಲಿ ಕೇಳಿದ್ದು ಅದೇ ಮೊದಲು. 1933ರಲ್ಲಿ ವ್ಯಾಟಿಕನ್ನಿಗೂ ಕಾಸ್ತೆಲ್ ಗಂದೋಲ್ಫೋ ಬೇಸಿಗೆ ನಿವಾಸಕ್ಕೂ ನಡುವೆ ಅತಿಕಿರು ತರಂಗದ ದೂರವಾಣಿಯನ್ನೂ ಹಾಕಿಕೊಟ್ಟರು. ಅಲ್ಲಿ ತರಂಗದ ಉದ್ದ ಮೀಟರಿಗೂ ಕಡಿಮೆ. ಪೋಲ್ದೂವಿನ ಭಾರೀ ಕಂಬಗಳಿಂದ ಹೊರಟ ಮನುಷ್ಯ ಕೊನೆಗೆ ತಲುಪಿದ್ದು ತೋಳಷ್ಟು ಉದ್ದದ ಆಂಟೆನಾಕ್ಕೆ.

ಇಷ್ಟು ಹೇಳಿ ಇನ್ನೊಂದನ್ನು ಮುಚ್ಚಿಡುವುದು ನ್ಯಾಯವಲ್ಲ. ಮಾರ್ಕೋನಿ 1923ರಲ್ಲಿ ಮುಸೊಲಿನಿಯ ಫಾಸಿಸ್ಟ್ ಪಕ್ಷ ಸೇರಿದರು. 1930ರಲ್ಲಿ ಇಟಲಿಯ ರಾಯಲ್ ಅಕಾಡೆಮಿಯ ಅಧ್ಯಕ್ಷರಾಗಿ ಆ ಆಡಳಿತದ ಉನ್ನತ ಮಂಡಳಿಯಲ್ಲಿ ಕುಳಿತರು. 1935ರಲ್ಲಿ ಇಥಿಯೋಪಿಯಾದ ಮೇಲೆ ಇಟಲಿ ದಂಡೆತ್ತಿ ಹೋದಾಗ ಅದನ್ನು ಸಮರ್ಥಿಸಿದರು. ನಮ್ಮ ಲೇಖನಗಳಲ್ಲಿ ವ್ಯಾಟಿಕನ್ ರೇಡಿಯೋದ ಪುಟವನ್ನು ಮಾತ್ರ ಓದಿ ಈ ಪುಟವನ್ನು ಹಾರಿಸುವ ರೂಢಿ ಇದೆ. ಅದು ಸರಿಯಲ್ಲ.

1937ರ ಜುಲೈ 20ರಂದು ರೋಮಿನಲ್ಲಿ ಹೃದಯಾಘಾತದಿಂದ ಮಾರ್ಕೋನಿ ನಿಧನರಾದರು, ಆಗ ಅವರಿಗೆ 63 ವರ್ಷ. ಅವರ ಗೌರವಾರ್ಥ ರೇಡಿಯೋ ನಿಲಯಗಳು ಎರಡು ನಿಮಿಷ ಪ್ರಸಾರ ನಿಲ್ಲಿಸಿದವು. ಅವರ ಸಮಾಧಿ ಇರುವುದು ವಿಲ್ಲಾ ಗ್ರಿಫೋನೆಯಲ್ಲಿ, ಮೊದಲ ತಗಡನ್ನು ಹೂತ ಅದೇ ತೋಟದಲ್ಲಿ. ಅವರ ತೇಲುವ ಪ್ರಯೋಗಶಾಲೆಯಾಗಿದ್ದ ಎಲೆತ್ತ್ರಾ ಹಡಗು 1944ರಲ್ಲಿ ಯುದ್ಧದಲ್ಲಿ ಹಾಳಾಯಿತು. ಅದರ ಒಂದು ತುಂಡನ್ನು ತಂದು ಅಲ್ಲೇ ಇಟ್ಟಿದ್ದಾರೆ.