ಎಸೆದ ಫೈಲು, ಮುಟ್ಟಗೊಡದ ನೂಲು

ತಮ್ಮಂದಿರೇ, ತಂಗಿಯಂದಿರೇ, ಬಾಬಾಸಾಹೇಬರ ಫೋಟೋ ನಮ್ಮೆಲ್ಲರ ಮನ್ಯಾಗ ಐತಿ. ನೌಕರಿಯಲ್ಲಿ ಅವರು ಉಂಡ ನೋವು ಎಷ್ಟು ಮಂದಿಗೆ ಗೊತ್ತೈತಿ? 1917ರಲ್ಲಿ ಬರೋಡ ಸಂಸ್ಥಾನದ ಕಚೇರಿ ಸೇರಿದಾಗ ಜವಾನರು ಮುಟ್ಟಿದರೆ ಮೈಲಿಗೆಯೆಂದು ಫೈಲುಗಳನ್ನು ದೂರದಿಂದಲೇ ಎಸೀತಿದ್ರು. ಇರಾಕ ಮನಿ ಸಿಗಲಿಲ್ಲ; ಕೆಲಸ ಬಿಟ್ಟು ಮುಂಬಯಿಗೆ ಮರಳಿದರು.

ಅಲ್ಲಿಯ ಬಟ್ಟೆ ಗಿರಣಿಗಳಲ್ಲೂ ಅದೇ ಕಥಿ. ನೇಯ್ಗೆ ಖಾತೆಯಲ್ಲಿ ಪಗಾರ ಹೆಚ್ಚು. ಆದರೆ ಅಲ್ಲಿ ನೂಲನ್ನು ಬಾಯಿಗೆ ಹಚ್ಚಬೇಕಲ್ಲ, ಅದಕ್ಕೇ ಸವರ್ಣ ಕಾರ್ಮಿಕರು ನಮ್ಮವರನ್ನು ಒಳಗ ಬಿಡ್ತಿರಲಿಲ್ಲ. 1928ರ ಮುಷ್ಕರದಲ್ಲಿ ಬಾಬಾಸಾಹೇಬರು ಈ ಅನ್ಯಾಯವೂ ಬೇಡಿಕೆಗಳಲ್ಲಿ ಸೇರಬೇಕೆಂದು ಯೂನಿಯನ್ ಮುಖಂಡರ ಮುಂದೆ ಪಟ್ಟು ಹಿಡಿದರು. ಮಾಲೀಕರ ಹತ್ರ ನ್ಯಾಯ ಕೇಳೋರು ಪಕ್ಕದ ಕೆಲಸಗಾರನಿಗೂ ನ್ಯಾಯ ಕೊಡಬೇಕಲ್ಲವೇ?

ಹಾಗಂತ ದ್ವೇಷ ಸಾಧಿಸಲಿಲ್ಲ. ಮುಷ್ಕರದ ಹಕ್ಕು ಮೊಟಕುಗೊಳಿಸುವ ಮಸೂದೆ ಬಂದಾಗ, 1938ರ ನವೆಂಬರ್ 7ರಂದು ಎಲ್ಲ ಕಾರ್ಮಿಕರ ಜೊತೆ ಬೀದಿಗಿಳಿದರು. 1942ರಲ್ಲಿ ವೈಸರಾಯರ ಮಂಡಳಿಯ ಕಾರ್ಮಿಕ ಸದಸ್ಯರಾದರು. ಕಾರ್ಖಾನೆ ದುಡಿಮೆಯನ್ನು ವಾರಕ್ಕೆ 54 ತಾಸಿನಿಂದ 48ಕ್ಕೆ ಇಳಿಸುವ ಮಸೂದೆ 1946ರಲ್ಲಿ ತಂದರು. ಅದರ ಲಾಭ ನೂಲು ಮುಟ್ಟಗೊಡದವರಿಗೂ ಸಿಕ್ಕಿತು.

ನಾಳೆ ನೀವೂ ಮುಕಾದಮರಾಗಬಹುದು, ಅಂಗಡಿ ಹಾಕಬಹುದು. ಆಗ ಕೈಕೆಳಗಿನವರ ಪಗಾರ ತಡೀಬ್ಯಾಡ್ರಿ, ನೀರಿನ ಲೋಟ ಬ್ಯಾರೆ ಇಡಬ್ಯಾಡ್ರಿ. ಜೈ ಭೀಮ್!