ಬೆನಗಲ್ ನರಸಿಂಗರಾಯರೂ ಸಂಸ್ಥಾನಗಳ ಘಟನೆಯೂ

ಭಾರತದ ರಾಜ್ಯಘಟನೆಯ ಮಾತು ಬಂದಾಗಲೆಲ್ಲ ಡಾ. ಅಂಬೇಡಕರರ ಹೆಸರು ಮೊದಲು ನೆನಪಾಗುವುದು ನ್ಯಾಯವೇ ಸರಿ. ಆದರೆ ಆ ಘಟನೆಯ ಮೊದಲನೆಯ ಕರಡನ್ನು ಬರೆದ ಕೈ ಮಂಗಳೂರಿನದು ಎಂಬ ಸಂಗತಿಯನ್ನು ಕನ್ನಡಿಗರಾದ ನಾವೇ ಮರೆತಂತಿದೆ. ಧಾರವಾಡದ ಕಾಲೇಜುಗಳಲ್ಲಿ ಕಾಯದೆ ಓದುವ ತರುಣರನ್ನು ನಾವು ಕೇಳಿ ನೋಡಿದ್ದುಂಟು. ಬೆನಗಲ್ ನರಸಿಂಗರಾಯರ ಹೆಸರನ್ನು ಬಲ್ಲವರು ವಿರಳ.

ನರಸಿಂಗರಾಯರು 1887ನೆಯ ಇಸವಿಯ ಫೆಬ್ರುವರಿ 26ರಂದು ಜನಿಸಿದರು. ತಂದೆ ರಾಘವೇಂದ್ರರಾಯರು ವೈದ್ಯರು. ತಮ್ಮಂದಿರಲ್ಲಿ ರಾಮರಾಯರು ಮುಂದೆ ರಿಝರ್ವ್ ಬ್ಯಾಂಕಿನ ಗವರ್ನರರಾದರು. ಶಿವರಾಯರು ಪತ್ರಕರ್ತರಾಗಿ ಹೆಸರು ಪಡೆದು ಘಟನಾ ಸಭೆಯ ಸದಸ್ಯರೂ ಆದರು. ನರಸಿಂಗರಾಯರು ಮಂಗಳೂರಿನ ಕೆನರಾ ಹಾಯ್‌ಸ್ಕೂಲಿನಿಂದ ಮೆಟ್ರಿಕ್ಯುಲೇಶನ್ನಿಗೆ ಕುಳಿತು ಇಡೀ ಮದ್ರಾಸ ಇಲಾಖೆಗೆ ಮೊದಲಿಗರಾದರು. ಅಲ್ಲಿಂದ ಮದ್ರಾಸದ ಪ್ರೆಸಿಡೆನ್ಸಿ ಕಾಲೇಜು, ಅಲ್ಲಿಂದ ಶಿಷ್ಯವೇತನದ ಮೇಲೆ ಕೇಂಬ್ರಿಜ್. ಮೆಟ್ರಿಕ್ಯುಲೇಶನ್ನಿಗೇ ನಮ್ಮ ಓದು ಮುಗಿದುದರಿಂದ ಅವರ ಗಣಿತಪಾಂಡಿತ್ಯವನ್ನು ಅಳೆಯುವ ಶಕ್ತಿ ನಮಗಿಲ್ಲ. ಅವರ ಕರಡುಗಳಲ್ಲಿ ಒಂದು ಪದವೂ ಹೆಚ್ಚಿಲ್ಲದಿರುವುದನ್ನು ಮಾತ್ರ ಯಾರಾದರೂ ಕಾಣಬಹುದು.

ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ಬಂಗಾಲದಲ್ಲಿಯೂ ಅಸ್ಸಾಮಿನಲ್ಲಿಯೂ ಅವರು ಬಹುಕಾಲ ನೌಕರಿ ಮಾಡಿದರು. 1935ರ ಕಾಯದೆಗೆ ಹೊಂದುವಂತೆ ಹಿಂದುಸ್ಥಾನದ ಸಮಸ್ತ ಕಾನೂನುಗಳನ್ನು ತಿದ್ದುವ ಭಾರ ಅವರ ಮೇಲೆ ಬಿದ್ದಿತು. ಆ ಶ್ರಮಕ್ಕಾಗಿ ಸರ್ ಪದವಿ ಬಂದಿತು. ಆಮೇಲೆ ಕಲಕತ್ತೆಯ ಹಾಯ್‌ಕೋರ್ಟಿನ ನ್ಯಾಯಾಧೀಶರಾದರು. ಸಿಂಧೂ ನದಿಯ ನೀರಿಗಾಗಿ ಸಿಂಧ ಪಂಜಾಬಗಳು ಜಗಳಕ್ಕೆ ನಿಂತಾಗ ಆ ಕಮಿಶನ್ನಿನ ಅಧ್ಯಕ್ಷತೆಯನ್ನು ವಹಿಸಿ, ನದಿಯು ಒಂದು ಪ್ರಾಂತದ ಸೊತ್ತಲ್ಲ, ನೀರು ನ್ಯಾಯವಾಗಿ ಹಂಚಿಕೆಯಾಗತಕ್ಕದ್ದು ಎಂಬ ತತ್ತ್ವವನ್ನು 1942ರಲ್ಲಿ ಎತ್ತಿಹಿಡಿದರು. ಕೃಷ್ಣೆಯ ನೀರಿನ ತಂಟೆಯನ್ನು ಕಂಡುಂಡ ನಮ್ಮ ವಾಚಕರಿಗೆ ಆ ತತ್ತ್ವದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚಿಡುವುದು ಸಲ್ಲದು. 1942ರಲ್ಲಿ ನಮ್ಮ ಭಾಗದ ಮುಖಂಡರು ಸೆರೆಮನೆಯಲ್ಲಿದ್ದಾಗ ನರಸಿಂಗರಾಯರು ಸರಕಾರದ ಹುದ್ದೆಯಲ್ಲಿದ್ದರು. ಅವರು ಚಳವಳಿಗಾರರಲ್ಲ, ಚುನಾವಣೆಗೆ ನಿಂತವರೂ ಅಲ್ಲ. ಆದರೂ 1946ರಲ್ಲಿ ಘಟನಾ ಸಭೆಗೆ ಸಲಹೆಗಾರರು ಬೇಕಾದಾಗ ನಾಯಕರು ಅವರನ್ನೇ ಕರೆದರು. ಅವರು ಸಂಬಳವಿಲ್ಲದೆ ಆ ಕೆಲಸ ಮಾಡಿದರೆಂಬುದನ್ನು ಸಭೆಯ ಅಧ್ಯಕ್ಷರಾದ ರಾಜೇಂದ್ರಪ್ರಸಾದರೇ ಕೊನೆಯ ದಿನ ನೆನೆದರು.

ಅವರ ಕ್ರಮ ನೋಡತಕ್ಕದ್ದು. ಮೊದಲು ಅನ್ಯದೇಶಗಳ ಘಟನೆಗಳಿಂದ ಪೂರ್ವೋದಾಹರಣೆಗಳನ್ನು ಆರಿಸಿ ಸದಸ್ಯರ ಕೈಗೆ ಕೊಟ್ಟರು; ಆಮೇಲೆ ಪ್ರಶ್ನಾವಳಿಯನ್ನು ಕಳಿಸಿ ಅಭಿಪ್ರಾಯ ಕೇಳಿದರು. ಸಮಿತಿಗಳ ನಿರ್ಣಯಗಳನ್ನು ಕೂಡಿಸಿ 1947ರ ಅಕ್ಟೋಬರಿನಲ್ಲಿ 243 ವಿಧಿಗಳ ಕರಡನ್ನು ಸಿದ್ಧಪಡಿಸಿದರು. ಅಂಬೇಡಕರರ ಸಮಿತಿಯು ಅದನ್ನು ತಿದ್ದಿ ಬೆಳೆಸಿ 315 ವಿಧಿಗಳನ್ನಾಗಿ ಮಾಡಿತು. ಸಭೆಯು ಒಂದೊಂದು ವಿಧಿಯನ್ನೂ ಮತಕ್ಕೆ ಹಾಕಿ, 2,473 ತಿದ್ದುಪಡಿಗಳನ್ನು ಚರ್ಚಿಸಿ, 395 ವಿಧಿಗಳ ಘಟನೆಯನ್ನು 1949ರ ನವೆಂಬರ್ 26ರಂದು ಅಂಗೀಕರಿಸಿತು. ಇದಕ್ಕೆ ಮುಂಚೆ ಬ್ರಹ್ಮದೇಶದ ಘಟನೆಗೂ ರಾಯರ ನೆರವು ಸಂದಿತ್ತು.

ಅಮೇರಿಕೆಗೆ ಹೋದಾಗ ಅಲ್ಲಿಯ ಸುಪ್ರೀಮ ಕೋರ್ಟಿನ ನ್ಯಾಯಾಧೀಶ ಫ್ರಾಂಕ್‌ಫರ್ಟರರನ್ನು ಅವರು ಕಂಡರು. ಶಾಸನಸಭೆ ಮಾಡಿದ ಕಾಯದೆಯ ಯುಕ್ತಾಯುಕ್ತತೆಯನ್ನು ನ್ಯಾಯಾಲಯವು ತೂಗುವುದು ಜನಸತ್ತೆಗೆ ಭಾರವಾದೀತೆಂಬ ಅವರ ಎಣಿಕೆ ರಾಯರ ಮನಸ್ಸಿಗೆ ಒಪ್ಪಿತು. ಕೊನೆಗೆ ವ್ಯಕ್ತಿಸ್ವಾತಂತ್ರ್ಯದ ವಿಧಿಯಲ್ಲಿ ಕಾಯದೆಯು ನಿಯಮಿಸಿದ ಕ್ರಮವೆಂಬಷ್ಟೇ ಮಾತು ಉಳಿಯಿತು. ಈ ವಿಷಯದಲ್ಲಿ ನಾವು ರಾಯರೊಡನೆ ಇರಲಾರೆವು. ವಿಚಾರಣೆಯಿಲ್ಲದ ಬಂಧನದ ರುಚಿ ಕಂಡ ಜನರು ಶಾಸನಸಭೆಯನ್ನು ಅಷ್ಟೊಂದು ನಂಬಬಾರದಿತ್ತು. 1950ರ ಗೋಪಾಲನ್ ಮೊಕದ್ದಮೆಯಲ್ಲಿ ಆ ಮಾತು ಸರಕಾರಕ್ಕೇ ಅನುಕೂಲವಾಯಿತು. 1978ರಲ್ಲಿ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ ಸುಪ್ರೀಮ ಕೋರ್ಟು ಅದರ ಅರ್ಥವನ್ನು ಹಿಗ್ಗಿಸಬೇಕಾಯಿತು.

ಕನ್ನಡಿಗರಿಗೆ ಹೆಚ್ಚು ಹತ್ತಿರದ ಪ್ರಕರಣ ಬೇರೆಯೇ ಇದೆ. ಸಂಸ್ಥಾನಗಳು ಸೇರಿದ್ದೇನೋ ಸರಿ; ಅವುಗಳ ಒಳಾಡಳಿತದ ಘಟನೆಯನ್ನು ಬರೆಯುವವರು ಯಾರು? ಮೈಸೂರಿನಲ್ಲಿ 1947ರ ಚಳವಳಿಯ ತರುವಾಯ ಚೆಂಗಲರಾಯ ರೆಡ್ಡಿಯವರ ಮಂತ್ರಿಮಂಡಲ ಬಂದಿತು. ಮೈಸೂರಿಗಾಗಿಯೇ ಒಂದು ಘಟನಾ ಸಭೆಯೂ ಏರ್ಪಟ್ಟಿತು. ಸೌರಾಷ್ಟ್ರ, ತಿರುವಾಂಕೂರು-ಕೊಚ್ಚಿಗಳಲ್ಲಿಯೂ ಹಾಗೆಯೇ. ಒಂದೊಂದು ಸಭೆ ಒಂದೊಂದು ಬಗೆಯಾಗಿ ಬರೆದರೆ ಗತಿಯೇನೆಂದು, ಮಾದರಿ ಘಟನೆಯೊಂದನ್ನು ಸಿದ್ಧಪಡಿಸಲು 1948ರ ನವೆಂಬರಿನಲ್ಲಿ ನರಸಿಂಗರಾಯರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಮರುವರ್ಷ ಮಾರ್ಚಿನಲ್ಲಿ ವರದಿ ಬಂದಿತು. ಮೇ ತಿಂಗಳಲ್ಲಿ ಸಂಸ್ಥಾನಗಳ ಮುಖ್ಯಮಂತ್ರಿಗಳು ದಿಲ್ಲಿಯಲ್ಲಿ ಕೂಡಿ, ಬೇರೆ ಬೇರೆ ಘಟನೆಗಳೇ ಬೇಡ, ಪ್ರಾಂತಗಳಿಗೆ ಇರುವುದೇ ಅಲ್ಪ ಮಾರ್ಪಾಟಿನೊಡನೆ ಸಂಸ್ಥಾನಗಳಿಗೂ ಸಾಕೆಂದು ಒಪ್ಪಿದರು. ರಾಯರ ಮಾದರಿ ಹೀಗೆ ಬಳಕೆಗೆ ಬಾರದೆ ಹೋದರೂ ಒಂದೇ ಅಳತೆಗೋಲು ಇರಬೇಕೆಂಬ ಉದ್ದೇಶ ಮಾತ್ರ ಈಡೇರಿತು.

ಅಂಗೀಕಾರದ ನಿಯಮವನ್ನು ಸರದಾರ ಪಟೇಲರು 1949ರ ಅಕ್ಟೋಬರ್ 12ರಂದು ಸಭೆಯ ಮುಂದಿಟ್ಟರು. ಸಂಸ್ಥಾನದಲ್ಲಿ ಘಟನಾ ಸಭೆ ಇದ್ದರೆ ಅದರ ಸಮ್ಮತಿ ಪಡೆಯತಕ್ಕದ್ದು. ಇಲ್ಲದಿದ್ದರೆ ರಾಜಪ್ರಮುಖರ ಘೋಷಣೆ ಸಾಕು, ಮುಂದೆ ಬರುವ ಶಾಸನಸಭೆಯು ಬೇಕಾದ ಮಾರ್ಪಾಟನ್ನು ಸೂಚಿಸಬಹುದು. ಮೈಸೂರಿನ ಸಭೆಯ ಶಿಫಾರಸಿನ ಮೇಲೆ ಜಯಚಾಮರಾಜ ಒಡೆಯರು ನವೆಂಬರ್ 25ರಂದು, ಅಂದರೆ ದಿಲ್ಲಿಯ ಅಂಗೀಕಾರಕ್ಕೆ ಒಂದು ದಿನ ಮೊದಲು, ಭಾರತದ ಘಟನೆಯನ್ನೇ ತಮ್ಮ ರಾಜ್ಯದ ಘಟನೆಯೆಂದು ಘೋಷಿಸಿದರು. ವಿಧಾನಪರಿಷತ್ತನ್ನು ಉಳಿಸಿಕೊಳ್ಳುವ ಅವಕಾಶವೊಂದು ಮೈಸೂರಿಗೆ ವಿಶೇಷವಾಗಿ ದೊರೆಯಿತು.

ಮೈಸೂರಿನ ಸಭೆಯು ತನ್ನ ಅಧಿಕಾರವನ್ನು ತಾನೇ ಬಿಟ್ಟುಕೊಟ್ಟಿತಲ್ಲವೇ ಎಂದು ಆಕ್ಷೇಪಿಸುವವರುಂಟು. ಆ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳೆವು. ಜನರು ಪಡೆದ ಸಭೆ ಹೆಸರಿಗಷ್ಟೇ ಉಳಿಯಿತು. ಆದರೆ ಮುಂಬಯಿ ಪ್ರಾಂತದಲ್ಲಿ ಸಿಕ್ಕಿಕೊಂಡಿದ್ದ ನಮ್ಮ ಧಾರವಾಡದ ಕಡೆಯಿಂದ ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ಮೈಸೂರು ತನ್ನದೇ ಘಟನೆ ಬರೆದುಕೊಂಡು ಕುಳಿತಿದ್ದರೆ ಏಕೀಕರಣಕ್ಕೆ ಗಡಿಯ ತೊಡಕಿನ ಜೊತೆಗೆ ಘಟನೆಯ ತೊಡಕೂ ಕೂಡುತ್ತಿತ್ತು. ಕಾಶ್ಮೀರದ ಉದಾಹರಣೆ ಕಣ್ಣೆದುರಿಗಿದೆ: ಅದು 1951ರಲ್ಲಿ ಸಭೆ ಕೂಡಿಸಿ ಪ್ರತ್ಯೇಕ ಘಟನೆ ಮಾಡಿಕೊಂಡಿತು, 1957ರಲ್ಲಿ ಜಾರಿಗೆ ತಂದಿತು, 2019ರಲ್ಲಿ ಅದು ಹೋಯಿತು. ವಿಚಿತ್ರವೆಂದರೆ 1944ರಲ್ಲಿ ಅದೇ ಕಾಶ್ಮೀರದ ಪ್ರಧಾನಮಂತ್ರಿಯಾಗಿ ಹೋಗಿ, ಸ್ವಲ್ಪ ಕಾಲದಲ್ಲೇ ಬಿಟ್ಟುಬಂದವರು ಇದೇ ನರಸಿಂಗರಾಯರು.

ಘಟನೆಯ ಕೆಲಸ ಮುಗಿದ ಮೇಲೆ ಅವರು ರಾಷ್ಟ್ರಸಂಘದಲ್ಲಿ ಭಾರತದ ಪ್ರತಿನಿಧಿಯಾದರು. 1950ರ ಜೂನಿನಲ್ಲಿ ಕೊರಿಯದ ಯುದ್ಧ ಹೊತ್ತಿಕೊಂಡಾಗ ಭದ್ರತಾ ಸಮಿತಿಯ ಅಧ್ಯಕ್ಷತೆ ಅವರದಾಗಿತ್ತು. 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ, ಮರುವರ್ಷ ನವೆಂಬರ್ 30ರಂದು ಝೂರಿಕ್‌ನಲ್ಲಿ ತೀರಿಕೊಂಡರು. ಅವರ ಲೇಖನಗಳನ್ನು ತಮ್ಮ ಶಿವರಾಯರು 1960ರಲ್ಲಿ ಗ್ರಂಥರೂಪಕ್ಕೆ ತಂದರು. ಅಷ್ಟು ಹೊತ್ತಿಗೆ ಮಂಗಳೂರೂ ಧಾರವಾಡವೂ ಮೈಸೂರೂ ಒಂದೇ ರಾಜ್ಯವಾಗಿ ನಾಲ್ಕು ವರ್ಷ ಸಂದಿದ್ದವು. ನರಸಿಂಗರಾಯರು ಅದನ್ನು ನೋಡಲಿಲ್ಲ.